ಪರಿಚಯವಿಲ್ಲದ ಎಂಟು ಹೆಂಗಸರು

ಮುಂಬಯಿಯಿಂದ ಬಂದ ಕಂಪನಿಯ ಪತ್ರದ ಒಂದು ಸಾಲು ಹುಚ್ಚೇಶನಿಗೆ ಊಟ ಸೇರದಂತೆ ಮಾಡಿತ್ತು. ಚರ್ಚೆಗೆ ಎಂಟು ಮಂದಿ ಹೆಂಗಸರನ್ನು ಕೂಡಿಸಬೇಕು, ಅವರಿಗೆ ಒಬ್ಬರಿಗೊಬ್ಬರ ಪರಿಚಯ ಇರಬಾರದು ಎಂದು ಅದರಲ್ಲಿ ಬರೆದಿತ್ತು. ಇಳಕಲ್ಲಿನಲ್ಲಿ ಅಂಥ ಎಂಟು ಮಂದಿಯನ್ನು ಹುಡುಕುವುದೆಂದರೆ ಎಮ್ಮೆಯ ಮೈಮೇಲೆ ಬಿಳಿ ಕೂದಲು ಹುಡುಕಿದಂತೆ.

ಹುಚ್ಚೇಶ ನೇಕಾರರ ಮನೆಯ ಹುಡುಗ. ಬಿ.ಎ. ಮುಗಿಸಿ, ಬಟ್ಟೆ ಒಗೆಯುವ ಪುಡಿ ತಯಾರಿಸುವ ಕಂಪನಿಯೊಂದರಲ್ಲಿ ಎರಡು ವರ್ಷದಿಂದ ಹಂಗಾಮಿ ನೌಕರಿ ಮಾಡುತ್ತಿದ್ದ. ಹುನಗುಂದದಿಂದ ಬಾದಾಮಿಯವರೆಗೆ ಮನೆಮನೆಗೆ ಹೋಗಿ, ವಾರಕ್ಕೆ ಎಷ್ಟು ಸಲ ಬಟ್ಟೆ ಒಗೆಯುತ್ತೀರಿ ಎಂದು ಕೇಳಿ ಫಾರಂ ತುಂಬುವುದು ಅವನ ಕೆಲಸ. ನಾಯಿಗಳು ಅಟ್ಟಿಸಿಕೊಂಡು ಬಂದಿದ್ದವು, ಗಂಡಂದಿರು ಸಂಶಯಪಟ್ಟಿದ್ದರು. ಈಗ, ಎಂಬತ್ಮೂರನೆಯ ಇಸವಿಯಲ್ಲಿ, ಕಂಪನಿ ಬಾಗಲಕೋಟೆಯಲ್ಲಿ ಡೆಪೋ ತೆರೆಯುವ ಮಾತು ನಡೆದಿತ್ತು. ಅಲ್ಲಿ ಅವನಿಗೆ ಕಾಯಂ ನೌಕರಿ. ಆದರೆ ಅದಕ್ಕೂ ಮೊದಲು ಇಲ್ಲಿಯ ಹೆಂಗಸರ ಮನಸ್ಸಿನಲ್ಲಿ ಏನಿದೆ ಎಂದು ಕಂಪನಿಗೆ ತಿಳಿಯಬೇಕಿತ್ತು. ಹದಿನೈದು ದಿನ ಮೊದಲೇ ಪುಡಿ ಹಂಚಬೇಕು, ಆಮೇಲೆ ಎಂಟು ಮಂದಿಯನ್ನು ಕೂಡಿಸಿ ಮಾತಾಡಿಸಬೇಕು. ಚರ್ಚೆ ನಡೆಸುವವನು ತಾನು ಹೂಂ ಅನ್ನಬಾರದು, ಊಹೂಂ ಅನ್ನಬಾರದು. ಅವರು ಮಾತಾಡಬೇಕು, ಇವನು ಕೇಳಬೇಕು.

ಹುಚ್ಚೇಶ ಸೈಕಲ್ ತುಳಿದು, ಬಸ್ಸು ಹತ್ತಿ, ಹುನಗುಂದದಿಂದ ಇಬ್ಬರನ್ನು, ಅಮೀನಗಡದ ಕರದಂಟಿನ ಅಂಗಡಿಯ ಮನೆಯಿಂದ ಒಬ್ಬಾಕೆಯನ್ನು, ಊರ ಹೊರಗಿನ ಕುರಿಗಾರರ ಓಣಿಯಿಂದ ಪದ್ಮವ್ವನನ್ನು, ಇಳಕಲ್ಲಿನ ನಾಲ್ಕು ಬೇರೆ ಬೇರೆ ಓಣಿಗಳಿಂದ ಲಾಡಬಿ ಮೊದಲಾದ ನಾಲ್ವರನ್ನು ಒಪ್ಪಿಸಿದ. ಎಂಟೂ ಮನೆಗೆ ಪುಡಿ ಕೊಟ್ಟ. ಉಳಿದ ಒಂದು ಪಾಕೀಟನ್ನು ತನ್ನ ತಾಯಿ ಶಿವಲಿಂಗವ್ವನ ಕೈಗಿಟ್ಟ.

ಚರ್ಚೆಯ ದಿನ ಬೆಳಿಗ್ಗೆ ಹತ್ತಕ್ಕೆ ಮುಂಬಯಿಯ ಅಧಿಕಾರಿ ನಾಡಕರ್ಣಿ ಬಾಯಿಯವರು ಬಾಡಿಗೆ ಜೀಪಿನಲ್ಲಿ ಬಂದರು. ಧಾರವಾಡದ ಹೆಣ್ಣುಮಗಳು, ಕನ್ನಡ ಬಲ್ಲವರು. ಹುಚ್ಚೇಶನ ಮನೆಯ ಒಳಕೋಣೆಯಲ್ಲಿ, ಬಾಗಿಲ ಪರದೆಯ ಹಿಂದೆ, ಬರೆಯುವ ಪ್ಯಾಡು ಹಿಡಿದು ಕೂತರು. ಟೇಪ್ ರಿಕಾರ್ಡರು ಪಡಸಾಲೆಯ ಗೂಡಿನಲ್ಲಿ ತಿರುಗತೊಡಗಿತು.

ಮೊದಲು ಅಮೀನಗಡದಾಕೆ ಬಂದಳು. ಆಮೇಲೆ ಬಂದ ಹುನಗುಂದದ ಒಬ್ಬಾಕೆ ಹೊಸ್ತಿಲಲ್ಲೇ ನಿಂತು ಅವಳನ್ನು ನೋಡಿದಳು, ಓಡಿಬಂದು ತಬ್ಬಿಕೊಂಡಳು. ಇಬ್ಬರೂ ಅಳಲು ಶುರುಮಾಡಿದರು. ಹೋದ ವರ್ಷ ತೀರಿಕೊಂಡ ಒಬ್ಬ ಸೋದರತ್ತೆ ಇಬ್ಬರಿಗೂ ಬೇಕಾದವಳಂತೆ. ಲಾಡಬಿಯ ಗಂಡ ಪದ್ಮವ್ವನ ಕಡೆಯಿಂದಲೇ ಕುರಿ ಕೊಳ್ಳುವವನು. ಉಳಿದವರು ಒಂದೇ ಬಾಣಂತಿಯ ಮನೆಯಲ್ಲಿ ಮೂರು ದಿನದ ಹಿಂದಷ್ಟೇ ಕೂಡಿ ಊಟ ಮಾಡಿದ್ದರು. ಐದು ನಿಮಿಷದಲ್ಲಿ ಪಡಸಾಲೆ ಬೀಗರ ಮನೆಯಂತಾಯಿತು. ಹುಚ್ಚೇಶ ಪರದೆಯ ಕಡೆ ನೋಡಿ ಬೆವರು ಒರೆಸಿಕೊಂಡ.

ಅಷ್ಟರಲ್ಲಿ ಪಕ್ಕದ ಮನೆಯ ಬಾಳವ್ವ ಚುರುಮುರಿ ತುಂಬಿದ ಬುಟ್ಟಿಯೊಂದಿಗೆ ಬಂದು ನಟ್ಟ ನಡುವೆ ಕೂತಳು. ಅವಳನ್ನು ಯಾರೂ ಕರೆದಿರಲಿಲ್ಲ. ಓಣಿಯಲ್ಲಿ ಅವಳಿಲ್ಲದೆ ಮದುವೆಯಾಗಲಿ ಜಗಳವಾಗಲಿ ನಡೆದ ದಾಖಲೆ ಇರಲಿಲ್ಲ.

ಹುಚ್ಚೇಶ ಕಂಪನಿ ಕಳಿಸಿದ್ದ ಕೈಪಿಡಿ ಪುಸ್ತಕದಲ್ಲಿ ಹೇಳಿದಂತೆ ಗಂಟಲು ಸರಿಮಾಡಿಕೊಂಡು, ಪುಡಿ ಹೇಗಿತ್ತು ಎಂದು ಕೇಳಿದ. ಛಲೋ ಐತ್ರಿ ಎಂದಳು ಮೊದಲನೆಯಾಕೆ. ಛಲೋ ಐತ್ರಿ ಎಂದಳು ಎರಡನೆಯಾಕೆ. ಸಾಲಿಯ ಮಕ್ಕಳು ಮಗ್ಗಿ ಒಪ್ಪಿಸಿದಂತೆ ಅದು ಎಂಟನೆಯಾಕೆಯವರೆಗೂ ಹೋಯಿತು. ಕೊರತೆ ಏನಾದರೂ ಇದೆಯೇ ಎಂದರೆ ಏನೂ ಇಲ್ಲ. ವಾಸನೆ ಹೇಗೆ ಎಂದರೆ ಮಲ್ಲಿಗೆಯ ಹಾಗೆ. ಹುನಗುಂದದ ಎರಡನೆಯಾಕೆ, ಆ ಪುಡಿಯಲ್ಲಿ ಒಗೆದ ಅಂಗಿ ತೊಟ್ಟ ಮೇಲೆ ಗಂಡನ ಸಿಟ್ಟೂ ಕಡಿಮೆಯಾಗಿದೆ ಎಂದಳು. ಬಾಳವ್ವ ತೃಪ್ತಿಯಿಂದ ತಲೆಯಾಡಿಸಿದಳು. ಆಗ ಹುಚ್ಚೇಶನಿಗೆ ಹೊಳೆಯಿತು. ನಿನ್ನೆ ಇಡೀ ದಿನ ಬಾಳವ್ವ ಇಳಕಲ್ಲು ತಿರುಗಿದ್ದಾಳೆ, ಹೊರಗಿನವರನ್ನು ಈ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲೇ ಹಿಡಿದಿದ್ದಾಳೆ. ಹುಡುಗನಿಗೆ ಕಾಯಂ ನೌಕರಿ ಆಗುವುದಿದೆ, ಪುಡಿ ಹೇಗಾದರೂ ಇರಲಿ, ಛಲೋ ಅನ್ನಿ ಎಂದು ಹೇಳಿಕೊಟ್ಟಿದ್ದಾಳೆ.

ಅರ್ಧ ತಾಸು ಹೊಗಳಿಕೆ ಸುರಿಯಿತು. ಪರದೆಯ ಹಿಂದೆ ಪೆನ್ನು ಸರಸರ ಓಡುವುದು ಕೇಳಿಸುತ್ತಿತ್ತು. ಬಾಯಿಯವರು ತನ್ನ ತಪ್ಪುಗಳನ್ನೇ ಪಟ್ಟಿ ಮಾಡುತ್ತಿದ್ದಾರೆ ಎಂದು ಹುಚ್ಚೇಶನಿಗೆ ಖಾತ್ರಿಯಾಯಿತು. ಈ ಬಾಯಿಪಾಠವನ್ನು ಯಾವ ಮೂರ್ಖ ನಂಬುತ್ತಾನೆ? ಎಲ್ಲರೂ ಒಂದೇ ಮಾತು ಹೇಳಿದರೆ ಬಿಡಬೇಡ, ಕೆದಕು ಎಂದು ಪುಸ್ತಕದಲ್ಲೂ ಇತ್ತು. ಅವನು ಬಾಳವ್ವನನ್ನು ಚಹಾಕ್ಕೆ ಹಾಲು ತರಲು ಸಾಗಹಾಕಿದ. ಆಮೇಲೆ ಎಂಟು ಮಂದಿಯ ಮುಂದೆ ಕೈಮುಗಿದ.

"ಯವ್ವಾ, ನಿಮ್ಮ ಕಾಲು ಬೀಳ್ತೇನಿ. ನನ್ನ ನೌಕರಿ ಉಳೀಬೇಕಂದ್ರ ಖರೆ ಹೇಳ್ರಿ. ಸುಳ್ಳು ಹೇಳಿದ್ರ ಕಂಪನಿಯವರಿಗೆ ತಿಳೀತೈತಿ."

ಪದ್ಮವ್ವ ಎರಡೂ ಅಂಗೈ ಮುಂದೆ ಚಾಚಿದಳು. ಬೆರಳ ಸಂದಿಯಲ್ಲಿ ಚರ್ಮ ಸುಲಿದಿತ್ತು.

"ಉಣ್ಣಾಕ ಕೂತ್ರ ಖಾರ ಉರೀತೈತಿ ತಮ್ಮಾ. ಎಂಟು ದಿನ ಆತು, ಸೊಸಿ ರೊಟ್ಟಿ ಮುರದು ಕೊಡ್ತಾಳ."

ಅಷ್ಟೇ ಸಾಕಾಯಿತು. ಕೆರೆಯ ಕೋಡಿ ಒಡೆದಂತೆ ಎಲ್ಲರೂ ಶುರುಮಾಡಿದರು. ಲಾಡಬಿಯ ಬಾವಿಯ ಸವಳು ನೀರಿಗೆ ಪುಡಿ ನೊರೆಯನ್ನೇ ಕೊಡಲಿಲ್ಲ, ಮೊಸರಿನಂತೆ ಒಡೆಯಿತು. ಅಮೀನಗಡದಾಕೆಗೆ ಜಾಲಾಡಿಸಲು ನಾಲ್ಕು ಕೊಡ ನೀರು ಹೆಚ್ಚು ಬೇಕಾಯಿತು, ಆ ನೀರು ಹೊತ್ತವಳೂ ಅವಳೇ. ಹುನಗುಂದದಾಕೆಯ ಗಂಡನ ಸಿಟ್ಟು ಕಡಿಮೆಯಾಗಿರಲಿಲ್ಲ, ಅಂಗಿಯ ತೋಳು ಹರಿದು ಇನ್ನೂ ಏರಿತ್ತು. ಹುಚ್ಚೇಶ ಕೇಳುತ್ತ ಹೋದ. ನೀರು ತರುವವರು ಯಾರು, ಸಾಬೂನು ಆರಿಸುವವರು ಯಾರು, ಬಟ್ಟೆ ಹಾಳಾದರೆ ಬೈಸಿಕೊಳ್ಳುವವರು ಯಾರು. ಎರಡು ವರ್ಷ ಫಾರಂ ತುಂಬಿದರೂ ಸಿಗದ ಮಾತುಗಳು ತಾವಾಗಿ ಬಂದವು.

ಆಗ ಅಡಿಗೆಮನೆಯಿಂದ ಶಿವಲಿಂಗವ್ವ ಹೊರಬಂದಳು. ಅವಳ ಕೈಯಲ್ಲಿ ಅವಳ ಮದುವೆಯ ಸೀರೆ ಇತ್ತು, ಹುಚ್ಚೇಶನ ಅಪ್ಪ ತಾನೇ ನೇಯ್ದದ್ದು. ಸೆರಗಿನ ಕೆಂಪು ಒಡಲಿಗೆಲ್ಲ ಇಳಿದು, ಸೀರೆ ಗಾಯವಾದಂತೆ ಕಾಣುತ್ತಿತ್ತು. ಮಗನಿಗೆ ಕಾಣದಿರಲೆಂದು ಹದಿನೈದು ದಿನ ಅದನ್ನು ಜೋಳದ ಚೀಲದ ಹಿಂದೆ ಮುಚ್ಚಿಟ್ಟಿದ್ದಳು.

"ನಲವತ್ತು ವರ್ಷ ಸೀಗೀಕಾಯಾಗ ತೊಳದ ಸೀರಿ," ಎಂದಳು. "ಮಗನ ಪುಡಿ ಅಂತ ನಂಬಿ ಹಾಕಿದ್ನಿ."

ಹೆಂಗಸರು ಒಬ್ಬೊಬ್ಬರಾಗಿ ಸೆರಗು ಮುಟ್ಟಿ ನೋಡಿದರು. ಹುಚ್ಚೇಶ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಟೇಪು ಮುಗಿದು ಟಕ್ಕೆಂದು ನಿಂತಿತು.

ಪರದೆ ಸರಿಸಿ ಬಂದ ನಾಡಕರ್ಣಿ ಬಾಯಿಯವರ ಕಣ್ಣು ಒದ್ದೆಯಾಗಿತ್ತು. ಹುಚ್ಚೇಶನನ್ನು ಹೊರಗೆ ಜೀಪಿನ ಹತ್ತಿರ ಕರೆದುಕೊಂಡು ಹೋದರು.

"ಹನ್ನೆರಡು ವರ್ಷ ಈ ಕೆಲಸ ಮಾಡೇನಿ, ಹಿಂಗ ಮಾತಾಡಿಸಿದವರನ್ನ ನೋಡಿಲ್ಲ," ಎಂದರು. "ಮಂದಿ ಬಾಯಿಂದ ಖರೆ ತಗಿಯೂ ವಿದ್ಯಾ ನಿಮಗ ಅದ."

ಹುಚ್ಚೇಶನ ಎದೆ ಹಿಗ್ಗಿತು. ಹಾಗಾದರೆ ಡೆಪೋಕ್ಕೆ ಯಾವಾಗಿನಿಂದ ಹೋಗಲಿ ಎಂದು ಕೇಳಿದ.

ಬಾಯಿಯವರು ಪ್ಯಾಡು ತೆರೆದು ತೋರಿಸಿದರು. ಮೊದಲ ಹಾಳೆಯ ತುಂಬ ಅಂದವಾದ ಅಕ್ಷರ. ಈ ಭಾಗದ ಮಹಿಳೆಯರು ಪುಡಿಯನ್ನು ಮೆಚ್ಚಿದ್ದಾರೆ, ಬಾಗಲಕೋಟೆಯಲ್ಲಿ ಡೆಪೋ ತೆರೆಯಬಹುದು, ಉಸ್ತುವಾರಿಗೆ ಹುಚ್ಚೇಶ ಯೋಗ್ಯ ಎಂದು ಬರೆದಿತ್ತು. ಅದರ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದಿತ್ತು.

"ಮೊದಲಿನ ಅರ್ಧ ತಾಸಿಗೇ ಬರದು ಮುಗಿಸಿದ್ದೆ," ಎಂದರು. "ಮುಂಬಯಿಯವರಿಗೂ ಅಷ್ಟ ಬೇಕಾಗಿತ್ತು. ನೀವು ಅಲ್ಲೇ ಚಹಾ ಕೊಟ್ಟು ಕಳಿಸಿದ್ದರ ಸಾಕಿತ್ತು. ಇಷ್ಟೆಲ್ಲಾ ಕೇಳಿದ ಮ್ಯಾಲೆ ಹೆಂಗ ಬರೀಲಿ, ಹೇಳ್ರಿ."

ಡೆಪೋ ಇಲ್ಲ. ಡೆಪೋ ಇಲ್ಲದ ಕಡೆ ಇನ್ನು ಕೇಳುವುದೇನೂ ಇಲ್ಲವಾದ್ದರಿಂದ ಕೇಳುವವನೂ ಬೇಕಾಗಿರಲಿಲ್ಲ. ಅದನ್ನು ಬಾಯಿಯವರು ಆದಷ್ಟು ಮೆತ್ತಗೆ ಹೇಳಿ, ಒಳ್ಳೆಯ ಶಿಫಾರಸು ಪತ್ರ ಕಳಿಸುತ್ತೇನೆಂದು ಜೀಪು ಹತ್ತಿದರು.

ಧೂಳು ಇಳಿಯುವವರೆಗೆ ಹುಚ್ಚೇಶ ರಸ್ತೆಯಲ್ಲೇ ನಿಂತಿದ್ದ. ಹಾಲಿನ ತಂಬಿಗೆ ಹಿಡಿದು ಬಂದ ಬಾಳವ್ವ, ಎಲ್ಲ ಸುಸೂತ್ರ ಆಯಿತೇ ಎಂದು ಕೇಳಿದಳು. ಅವನು ತಂಬಿಗೆ ತೆಗೆದುಕೊಂಡು ಒಳಗೆ ಹೋದ. ಎಂಟು ಮಂದಿಯಲ್ಲಿ ಒಬ್ಬರೂ ಎದ್ದಿರಲಿಲ್ಲ. ಮಾತು ಪುಡಿಯನ್ನು ದಾಟಿ ಅತ್ತೆಯಂದಿರ ಮೇಲೆ, ಅಲ್ಲಿಂದ ಗಂಡಂದಿರ ಮೇಲೆ ಬಂದಿತ್ತು. ಹುಟ್ಟಿದಾಗಿನಿಂದ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲವೆಂದು ತೋರುತ್ತಿತ್ತು. ಪದ್ಮವ್ವ ಸರಿದು ಅವನಿಗೆ ಕೂಡಲು ಜಾಗ ಮಾಡಿಕೊಟ್ಟಳು.

"ಮತ್ತ ಯಾವಾಗ ಕರೀತೀಯೋ ತಮ್ಮಾ?" ಎಂದಳು. "ಹೇಳೋದು ಇನ್ನೂ ಭಾಳ ಉಳದೈತಿ."