ಗೌರಮ್ಮಜ್ಜಿಯ ಮೂಗು

ಓದುಗ ಬಂಧುಗಳಿಗೆ ಕುರುಗೋಡಿನಿಂದ ಶರಣು. ಮೀಸೆ ಬಂದ ಮೇಲೆ ಅಕ್ಷರ ಕಲಿತವನು ನಾನು. ಹತ್ತನೇ ತರಗತಿ ಪಾಸಾಗುವ ಹೊತ್ತಿಗೆ ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಈಗ ಅವಳ ಹಳೇ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಇದನ್ನು ಬರೆಯುತ್ತಿದ್ದೇನೆ. ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತೇ ಮರೆತಿರುತ್ತದೆ. ತಪ್ಪು ಕಂಡರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ವಯಸ್ಸಾದವರಿಗೆ ಏನಾದರೂ ಒಂದು ಹವ್ಯಾಸ ಇರಬೇಕು ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಆ ಹವ್ಯಾಸಕ್ಕೆ ಮನೆಯ ಲೋಟಗಳೆಲ್ಲ ಬೇಕಾಗುತ್ತವೆ ಎಂದು ಯಾರೂ ಹೇಳುವುದಿಲ್ಲ. ಮಗಳು ಶಾಲೆ ಮುಗಿಸಿ ಕಾಲೇಜು ಸೇರಿದಾಗ ಅವಳ ನೀರುಬಣ್ಣದ ಡಬ್ಬಿ ಮೂಲೆಗೆ ಬಿದ್ದಿತ್ತು. ನನ್ನ ಅವ್ವ ಈರಮ್ಮ ಅದನ್ನು ಎತ್ತಿಕೊಂಡಳು. ಮಗಳು ಖುಷಿಯಿಂದ ಅಜ್ಜಿಗೆ ಬ್ರಷ್ ಹಿಡಿಯುವುದನ್ನು ಹೇಳಿಕೊಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಲೋಟವನ್ನೂ ನೋಡದೆ ಬಾಯಿಗೆ ಇಡುವಂತಿಲ್ಲ. ಒಂದು ದಿನ ನನ್ನ ಹೆಂಡತಿ ಶಾಂತಾ ಒಲೆಯ ಮುಂದಿನಿಂದಲೇ ಕೂಗಿದಳು. "ರೀ, ಹುಣಸಿಹಣ್ಣು ನೆನಿ ಇಟ್ಟಿದ್ದು ಅಂತ ಸಾರಿಗೆ ಸುರುವಾಕ ಹೋದ್ರ, ಅದು ನಿಮ್ಮವ್ವಾರು ಬ್ರಷ್ ತೊಳದ ನೀರು! ಸ್ವಲ್ಪದಾಗ ಉಳಕಂಡ್ವಿ!" ಒಳಗಿನಿಂದ ಅವ್ವ, "ಅದನ್ನ ಚೆಲ್ಲಬ್ಯಾಡವ್ವಾ, ಮಣ್ಣಿನ ಬಣ್ಣ ಚೊಲೋ ಬಂದೈತಿ" ಎಂದಳು.

ನಮ್ಮ ಕಡೆಯ ಬಿಸಿಲಿನಲ್ಲಿ ನೀರುಬಣ್ಣ ಬಳಿಯುವುದೂ ಸುಲಭವಲ್ಲ. ಬ್ರಷ್ಷು ಡಬ್ಬಿಯಿಂದ ಹಾಳೆಗೆ ಹೋಗುವಷ್ಟರಲ್ಲಿ ಒಣಗಿರುತ್ತದೆ. ಅವ್ವ ಅದಕ್ಕೂ ದಾರಿ ಕಂಡುಕೊಂಡಳು. ನಾದಿದ ಹಿಟ್ಟಿಗೆ ಮುಚ್ಚುವ ಹಾಗೆ ಬಣ್ಣದ ತಟ್ಟೆಗೂ ಒದ್ದೆ ಬಟ್ಟೆ ಮುಚ್ಚುತ್ತಾಳೆ. ಎದುರುಮನೆಯ ಆಡು, ಬಳ್ಳಾರಿ ಬಸ್ಸು, ಓಣಿಯ ನೀರಿನ ಟ್ಯಾಂಕು ಎಲ್ಲವನ್ನೂ ಬರೆದಳು. ನಾನು ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವವನು. ಅಂಗಡಿಯಲ್ಲಿ ಕುಳಿತ ನನ್ನನ್ನೂ ಬರೆದಳು. ಮೋಟಾರು ಬಹಳ ಚೆನ್ನಾಗಿ ಬಂದಿತ್ತು.

ಇಷ್ಟರಲ್ಲೇ ನಿಂತಿದ್ದರೆ ನಾನು ಈ ಬೆರಳು ನೋಯಿಸಿಕೊಳ್ಳುತ್ತಿರಲಿಲ್ಲ. ತೊಂದರೆ ಶುರುವಾದದ್ದು ಪಡಸಾಲೆಯ ಗೋಡೆಯಿಂದ. ನಮ್ಮಲ್ಲಿ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಇರುವವರೆಲ್ಲ ತೀರಿಕೊಂಡವರು. ಅಲ್ಲಿ ಅಪ್ಪ ಇದ್ದಾನೆ, ಅಪ್ಪನ ಅಪ್ಪ ಇದ್ದಾನೆ. ಅಪ್ಪನ ತಾಯಿ ಗೌರಮ್ಮಜ್ಜಿ ಮಾತ್ರ ಇಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿ ಆಕೆ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಳ್ಳುತ್ತಿದ್ದಳಂತೆ. ಅದಕ್ಕೇ ಹಿರಿಯರ ಹಬ್ಬದ ದಿನ ಆಕೆಯ ಹೆಸರಿನಲ್ಲಿ ಒಂದು ಹಸಿರು ಸೀರೆ ಮಡಚಿಟ್ಟು ಎಡೆ ಹಿಡಿಯುತ್ತಿದ್ದೆವು.

ಹೋದ ವರ್ಷದ ಹಬ್ಬಕ್ಕೆ ಸಿರುಗುಪ್ಪದಿಂದ ನಮ್ಮ ಅತ್ತೆ ಬಂದಿದ್ದಳು. ಅಪ್ಪನ ಅಕ್ಕ, ಗೌರಮ್ಮಜ್ಜಿಯ ಒಬ್ಬಳೇ ಮಗಳು. ಆ ಸೀರೆಯ ಮುಂದೆ ಬಹಳ ಹೊತ್ತು ಕುಳಿತವಳು ಮೆಲ್ಲಗೆ ಹೇಳಿದಳು. "ಈಗೀಗ ನಮ್ಮವ್ವನ ಮುಖ ನೆನಪಿಗೆ ಬರವಲ್ದು ನೋಡು ಬಸವಾ. ದನಿ ನೆನಪೈತಿ, ಬಯ್ಯೋದು ನೆನಪೈತಿ. ಮುಖ ಮಾತ್ರ ಬರವಲ್ದು. ನಾನು ಹೋಗೋದ್ರಾಗ ಒಮ್ಮೆ ನೋಡಬೇಕಂತ ಐತಿ."

ಅವ್ವ ಹೇಳಿದಳು. "ನನಗ ನೆನಪೈತಿ ಯಕ್ಕಾ. ನಾನು ಬರೀತೀನಿ."

"ಬರದ್ರ ಬರಿ. ಆದ್ರ ನಾನು ಹೂಂ ಅಂದ್ರನ ಅದು ಗ್ವಾಡಿಗೆ ಹೋಗಬೇಕು. ಯಾರದೋ ಮುಖ ತೂಗಹಾಕಿ ನಮ್ಮವ್ವ ಅಂದ್ರ ಈ ಮನಿ ಹೊಸ್ತಿಲಾ ತುಳಿಯಾಕಿ ಅಲ್ಲ ನಾನು."

ಈ ವರ್ಷ ಹಬ್ಬ ಹತ್ತಿರ ಬಂದಾಗ ಮೊದಲನೆಯ ಚಿತ್ರ ತಯಾರಾಯಿತು. ಅತ್ತೆ ಬಸ್ಸು ಹತ್ತಿ ಬಂದಳು. ನೀರೂ ಕುಡಿಯದೆ ಚಿತ್ರ ನೋಡಿದಳು. ಅದರಲ್ಲಿ ಗೌರಮ್ಮಜ್ಜಿ ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಓರೆಗಣ್ಣಿನಿಂದ ಯಾರನ್ನೋ ನೋಡುತ್ತಿದ್ದಳು.

"ಇದೇನ ಈರಮ್ಮಾ, ನಮ್ಮವ್ವ ಯಾವಾಗ ಹಿಂಗ ಮುಖ ಮಾಡಿದ್ಳು?"

"ದಿನಾ."

"ನನಗೇನು ಒಂದಿನಾನೂ ಹಿಂಗ ಕಂಡಿಲ್ಲ!"

"ನೀನು ಮಗಳು ಯಕ್ಕಾ. ವರ್ಸಕ್ಕೊಮ್ಮೆ ಬರ್ತಿದ್ದಿ, ಹೋಳಿಗಿ ಉಂಡು ಹೋಗ್ತಿದ್ದಿ. ಆ ಮುಖ ದಿನಾ ನೋಡಿದಾಕಿ ನಾನು. ಸಿಟ್ಟು ಐತೋ ಇಲ್ಲೋ ಅಂತ ನೋಡಿಕ್ಯಂಡನ ಒಲಿ ಹಚ್ಚತಿದ್ದೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾಂತಾ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ರೀ, ನನಗೂ ಒಂದು ಬಣ್ಣದ ಡಬ್ಬಿ ತಂದುಕೊಡ್ರಿ."

ಎರಡನೆಯ ಚಿತ್ರದಲ್ಲಿ ಅವ್ವ ಅತ್ತೆಗಾಗಿ ನಗು ಹಾಕಿದಳು. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಈಕಿ ಯಾರು, ಟೀವ್ಯಾಗ ಸೋಪು ಮಾರಾಕಿ ಇದ್ದಂಗದಾಳ" ಎಂದಳು. ನೀರುಬಣ್ಣ ಅಳಿಸಲು ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಗೌರಮ್ಮಜ್ಜಿಯ ಗಲ್ಲಕ್ಕೆ ತೂತು ಬಿತ್ತು. ದಪ್ಪ ಹಾಳೆ ತರಲು ನಾನು ಬಳ್ಳಾರಿಗೆ ಹೋದೆ. ಅಂಗಡಿಯವನು "ಮಗಳಿಗಾ ಸರ್?" ಎಂದ. "ಅವ್ವಗ" ಎಂದೆ. ಅವನು ಒಂದು ಸ್ಟಿಕ್ಕರ್ ಹಾಳೆಯನ್ನು ಪುಕ್ಕಟೆ ಕೊಟ್ಟು, "ಅಮ್ಮಾರಿಗೆ ಕೊಡ್ರಿ" ಎಂದ.

ಹಬ್ಬದ ಹಿಂದಿನ ದಿನದ ಹೊತ್ತಿಗೆ ಕಣ್ಣು, ಬಾಯಿ ಎಲ್ಲದರ ಜಗಳ ಹೇಗೋ ತಣ್ಣಗಾಗಿ ಮೂಗಿಗೆ ಬಂದು ನಿಂತಿತ್ತು.

"ಮೂಗು ಹಿಂಗಿರಲಿಲ್ಲ" ಎಂದಳು ಅತ್ತೆ.

"ಹೆಂಗಿತ್ತು ಹೇಳು ಮತ್ತ."

"ಹೇಳಾಕ ಬರಂಗಿದ್ರ ನಾನ ಬರೀತಿದ್ನಲ್ಲ!"

ಮನೆಯಲ್ಲಿ ಶಾಂತಿ ಇರಲೆಂದು ಬಯಸುವವನು ಇಂಥ ಹೊತ್ತಿನಲ್ಲಿ ಅಂಗಡಿಯಲ್ಲಿ ಇರಬೇಕು. ನಾನು ಮಧ್ಯೆ ಹೋಗಿ, "ಹೋಗ್ಲಿ ಬಿಡ್ರಿ ಅತ್ತಿ, ಮೂಗು ಎಲ್ಲಾರಿಗೂ ಒಂದ ನಮೂನಿ ಇರತೈತಿ" ಎಂದೆ. ಇಬ್ಬರೂ ತಿರುಗಿ ನನ್ನನ್ನು ನೋಡಿದರು. ನೋಡುತ್ತಲೇ ಇದ್ದರು.

"ಈರಮ್ಮಾ, ಇವನ ಮೂಗು ನೋಡ!"

"ಹೌದಲ್ಲ ಯಕ್ಕಾ! ಥೇಟ್ ಅದ ಐತಿ!"

ನನಗೆ ಬುದ್ಧಿ ತಿಳಿದಾಗಿನಿಂದ ಅವರಿಬ್ಬರೂ ಒಪ್ಪಿದ ಮೊದಲ ಸಂಗತಿ ನನ್ನ ಮೂಗು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಅತ್ತೆ ಆ ಹಸಿರು ಸೀರೆ ಬಿಚ್ಚಿ ನನ್ನ ತಲೆಗೆ ಸೆರಗು ಹೊದಿಸಿದಳು. "ಲೇ ಬಸ್ಯಾ, ಅಳ್ಳಾಡಬ್ಯಾಡ" ಎಂದಳು ಅವ್ವ. ಆಗಲೇ ಹೊರಗಿನಿಂದ "ಬಸಣ್ಣ ಅದಾರೇನ್ರಿ?" ಎನ್ನುತ್ತ ಗಿರಾಕಿಯೊಬ್ಬ ಒಳಗೆ ಬಂದ. ಶಾಂತಾ "ಅದಾರಲ್ಲ, ಅಲ್ಲೇ ಕುಂತಾರ ನೋಡ್ರಿ" ಎಂದಳು. ಅವನು ನನ್ನನ್ನು ನೋಡಿ, ಸೆರಗನ್ನು ನೋಡಿ, "ಮೋಟ್ರು ಹಬ್ಬ ಆದ ಮ್ಯಾಲ ತರ್ತೀನಿ ಬಿಡ್ರಿ" ಎಂದು ಬಂದ ಹೆಜ್ಜೆಯಲ್ಲೇ ಹೋದ.

ಮೂಗಿನಿಂದ ಶುರುವಾದದ್ದು ಅಲ್ಲಿಗೇ ನಿಲ್ಲಲಿಲ್ಲ. ಗಲ್ಲವೂ ಇವನದೇ, ಗದ್ದವೂ ಇವನದೇ ಎಂದಾಯಿತು. "ಮೀಸಿ ಒಂದು ಬಿಟ್ಟು ಉಳಿದಿದ್ದೆಲ್ಲಾ ಬರಿ" ಎಂದು ಅತ್ತೆ ಅಪ್ಪಣೆ ಕೊಟ್ಟಳು.

ಚಿತ್ರ ಮುಗಿದಾಗ ಅತ್ತೆ ಬೆರಳಿನಿಂದ ಹಸಿ ಬಣ್ಣದ ಗಲ್ಲ ಸವರಿದಳು. "ನಮ್ಮವ್ವ" ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಿತ್ರದ ಗಲ್ಲದ ಮೇಲೆ ಬೆರಳಿನ ಗುರುತು ಮೂಡಿತು. ಒಂದು ಚುಕ್ಕೆ ಅತ್ತಿತ್ತ ಆದರೂ ಸಹಿಸದ ಅವ್ವ, "ಇರ್ಲಿ ಬಿಡು ಯಕ್ಕಾ" ಎಂದು ಬ್ರಷ್ ಕೆಳಗಿಟ್ಟಳು. ಆಮೇಲೆ ಅತ್ತೆ ಹುಬ್ಬಿನ ನಡುವೆ ಉಳಿದಿದ್ದ ಒಂದು ಸಣ್ಣ ಗೆರೆ ತೋರಿಸಿ, "ಇದೇನು?" ಎಂದಳು.

"ಅಷ್ಟು ನನ್ನ ಪಾಲಿಂದು" ಎಂದಳು ಅವ್ವ. ಅತ್ತೆ ನಕ್ಕು ಹೂಂ ಅಂದಳು.

ಹೀಗೆ ನಾನು ಗೋಡೆ ಏರಿದೆ. ನನ್ನ ಅಜ್ಜನ ಪಕ್ಕದಲ್ಲಿ, ಅವನ ಹೆಂಡತಿಯಾಗಿ. ಹಬ್ಬದ ದಿನ ಹಾರ ಬಿತ್ತು, ತುಪ್ಪ ಹಾಕಿದ ಹೋಳಿಗೆಯ ಎಡೆಯೂ ಬಂತು. ಹಸಿದ ನಾನು ಕೆಳಗೆ ನಿಂತು ಕೈಮುಗಿದೆ. ಶಾಂತಾ ಆ ಚಿತ್ರಕ್ಕೆ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಮದುವೆಯಾದಾಗಿನಿಂದ ಅಷ್ಟು ಭಕ್ತಿಯನ್ನು ನಾನು ಕಂಡಿರಲಿಲ್ಲ.

ಸಂಜೆ ಅತ್ತೆಯನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಸಿರುಗುಪ್ಪದ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯಿಂದ ಎರಡೂ ಕೈ ಚಾಚಿ ಅತ್ತೆ ನನ್ನ ಮುಖ ಹಿಡಿದಳು. "ಬರ್ತೀನವ್ವಾ" ಎಂದಳು. ಪಕ್ಕದ ಸೀಟಿನವರು ನನ್ನ ಮೀಸೆ ನೋಡಿದರು. ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡು ಹಾಗೆಯೇ ನಿಂತ. ತಿದ್ದಬೇಕೆಂದುಕೊಂಡೆ, ಆಗಲಿಲ್ಲ.

"ಹುಷಾರಾಗಿ ಹೋಗಿ ಬಾ ಮಗಳ" ಎಂದೆ.

ಬಳಗದವರೇ, ನಿಮ್ಮ ಮನೆಯಲ್ಲೂ ಯಾರಾದರೂ ಬದುಕಿರುವಾಗಲೇ ಹಾರ ಹಾಕಿಸಿಕೊಂಡಿದ್ದರೆ ದಯವಿಟ್ಟು ಬರೆದು ತಿಳಿಸಿ. ಗೋಡೆಯ ಮೇಲೆ ನನಗೆ ಮಾತಿಗೆ ಯಾರೂ ಇಲ್ಲ.