ದೇವಯಾನಿಯ ಫೋಟೋ ತೆಗೆದ ಚಳಿಗಾಲ

ಕತ್ತಲಲ್ಲಿ ಕ್ಯಾಮೆರಾ ಹಿಡಿದು ನಿಂತವನಿಗೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಹಗಲಲ್ಲಿ ಅದೇ ಕ್ಯಾಮೆರಾ ಹಿಡಿದರೆ ಜನ ಕ್ರಾಪು ಸರಿಮಾಡಿಕೊಳ್ಳುತ್ತಾರೆ. ಕತ್ತಲಾದ ಮೇಲೆ ಹಿಡಿದರೆ ಮುಖಕ್ಕೆ ಟಾರ್ಚು ಬಿಡುತ್ತಾರೆ. ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಅಂತ ಬದುಕಿದವನು ನಾನು. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ ಮಾತ್ರ ಬೇರೆ ಥರ ಕಳೆಯಿತು. ಅದನ್ನು ನೆನೆಸಿಕೊಂಡರೆ ಮೊದಲು ನಗು ಬರುತ್ತದೆ. ಆಮೇಲೆ ಯಾರ್ಯಾರಿಗೋ ಕೈ ಮುಗಿಯೋಣ ಅನ್ನಿಸುತ್ತದೆ.

ಪಾರ್ಟಿ ಎಲ್ಲಿಯವರು?

ಪಿರಿಯಾಪಟ್ಟಣದ ಕಡೆಯ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೊಬ್ಬರು ಒಂದು ಸಂಜೆ ಅಂಗಡಿಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತರು.

"ಒಂದು ಫೋಟೋ ತೆಗೀಬೇಕಿತ್ತಲ್ಲ."

"ಯಾರದು ಸಾರ್?"

"ದೇವಯಾನಿದು."

ಗಂಡಿನ ಕಡೆಯವರಿಗೆ ತೋರಿಸುವ ಫೋಟೋ ಅಂದುಕೊಂಡೆ. "ಸೀರೇಲಿ ತೆಗೀಲಾ, ಚೂಡಿದಾರಲ್ಲಾ? ಹುಡುಗೀನ ಬೆಳಿಗ್ಗೆ ಕರ್ಕೊಂಡು ಬನ್ನಿ, ಬೆಳಕು ಚೆನ್ನಾಗಿರುತ್ತೆ."

"ಅವಳು ಬರೋದಿಲ್ಲ ಕಣ್ರೀ. ನಾವಿರೋ ಕಡೆಯಿಂದಲೇ ತೆಗೀಬೇಕು. ಬಹಳ ದೂರ."

"ದೂರ ಅಂದ್ರೆ? ಕೆ.ಆರ್. ನಗರದ ಕಡೇನಾ, ಎಚ್.ಡಿ. ಕೋಟೆನಾ?"

"ಇಪ್ಪತ್ತೈದು ಲಕ್ಷ ಜ್ಯೋತಿರ್ವರ್ಷ," ಅಂದರು ಮೇಷ್ಟ್ರು.

ಆಮೇಲೆ ಬಿಡಿಸಿ ಹೇಳಿದರು. ದೇವಯಾನಿ ಅಂದರೆ ಒಂದು ಗ್ಯಾಲಕ್ಸಿ. ಕೋಟಿ ಕೋಟಿ ನಕ್ಷತ್ರಗಳ ಸಂತೆ. ಅದರ ಬೆಳಕು ಅಲ್ಲಿಂದ ಇಲ್ಲಿಗೆ ಬರಲು ಅಷ್ಟು ವರ್ಷ ಬೇಕಂತೆ. ಮೂವತ್ತು ವರ್ಷ ಆ ಪಾಠ ಮಾಡಿದ್ದರು. ಆ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ಸಾ, ನೀವು ನೋಡಿದ್ದೀರಾ?" ಅಂತ ಕೇಳಿಬಿಟ್ಟಳು. ಮೇಷ್ಟ್ರು ನೋಡಿರಲಿಲ್ಲ. ಬೇಸಿಗೆಗೆ ಅವರ ರಿಟೈರ್‌ಮೆಂಟು. ಅಷ್ಟರೊಳಗೆ ನಮ್ಮ ಮಣ್ಣಲ್ಲಿ ನಿಂತು ತೆಗೆದ ಒಂದೇ ಒಂದು ಫೋಟೋ ಆ ಮಕ್ಕಳ ಕೈಗೆ ಕೊಡಬೇಕು ಅನ್ನುವುದೊಂದೇ ಅವರ ಆಸೆ.

ಪಕ್ಕದ ತಾಲ್ಲೂಕಿನ ಭೇರ್ಯದಿಂದಾಚೆ ಔಟ್‌ಡೋರ್ ಆರ್ಡರ್ ಯಾವತ್ತೂ ಒಪ್ಪಿಕೊಂಡವನಲ್ಲ ನಾನು. ಅವತ್ತು ಒಪ್ಪಿಕೊಂಡುಬಿಟ್ಟೆ.

ಭೂಮಿ ಅಲ್ಲಾಡಿತು

ಮೇಷ್ಟ್ರು ತಿಂಗಳುಗಟ್ಟಲೆ ಕೂತು, ಆರಂಗುಲದ ಗಾಜು ತಿಕ್ಕಿ ತಿಕ್ಕಿ ಟೆಲಿಸ್ಕೋಪಿಗೆ ಕನ್ನಡಿ ಮಾಡಿಕೊಂಡಿದ್ದರು. ಅದನ್ನು ಕೂರಿಸಲು ಕೊಳವೆ ಬೇಕು. ಬಸ್ ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಭಾಯಿಯ ಅಂಗಡಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡುಗಳಿಗೆ ಬಿಸಿ ಹಾಯಿಸುವ ತಗಡಿನ ಕೊಳವೆ ಮಾಡುವುದರಲ್ಲಿ ಅವರದು ಎತ್ತಿದ ಕೈ. ರಿಪೇರಿಗೆ ಬಂದು ಬಿದ್ದಿದ್ದ ಒಂದು ಹಳೇ ಕೊಳವೆ ತೋರಿಸಿದರು.

"ಒಳಗಿನ ಮಸಿ ತೊಳೆದು ಕೊಡ್ತೀನಿ ಸಾರ್."

"ಬೇಡ ಭಾಯಿ. ಒಳಗೆ ಕಪ್ಪಗಿದ್ದಷ್ಟೂ ನಮಗೆ ಒಳ್ಳೇದು."

"ಯಾ ಅಲ್ಲಾ! ಮಸಿ ಬೇಕು ಅಂದ ಗಿರಾಕೀನ ಇವತ್ತೇ ನೋಡಿದ್ದು ನಾನು."

ಆರು ವಾರ ಕೆಲಸ ನಡೆಯಿತು. ಕೊಳವೆ, ಅದಕ್ಕೊಂದು ಕಬ್ಬಿಣದ ಸ್ಟ್ಯಾಂಡು. ಎತ್ತಲು ಇಬ್ಬರು ಗಂಡಸರು ಬೇಕು. ಕಣ್ಣಿಡುವ ಜಾಗಕ್ಕೆ ನನ್ನ ಕ್ಯಾಮೆರಾ ಸಿಕ್ಕಿಸಿ, ಐದು ನಿಮಿಷ ಶಟರ್ ತೆರೆದಿಟ್ಟು ತೆಗೆದೆವು. ಪ್ರಿಂಟು ನೋಡಿದರೆ ಒಂದೊಂದು ನಕ್ಷತ್ರವೂ ಶಾವಿಗೆ ಎಳೆಯ ಹಾಗೆ ಉದ್ದಕ್ಕೆ ಬಿದ್ದುಕೊಂಡಿದೆ.

ಭಾಯಿ ಕನ್ನಡಕ ಏರಿಸಿ ನೋಡಿದರು. "ಅಲ್ಲಾಡಿಸಿಬಿಟ್ಟಿದ್ದೀರ. ನನ್ನ ಸ್ಟ್ಯಾಂಡು ಆನೆ ಗುದ್ದಿದರೂ ಅಲ್ಲಾಡಲ್ಲ."

"ಸ್ಟ್ಯಾಂಡಲ್ಲ ಭಾಯಿ, ಭೂಮಿ ತಿರುಗಿದ್ದು," ಅಂದರು ಮೇಷ್ಟ್ರು.

ಫೋಟೋ ಕೆಟ್ಟಾಗಲೆಲ್ಲ ಮಗು ಅಲ್ಲಾಡಿತು, ಮದುಮಗ ಕಣ್ಣು ಮುಚ್ಚಿದ ಅಂತ ತಪ್ಪಿಸಿಕೊಳ್ಳುತ್ತಿದ್ದವನು ನಾನು. ತಪ್ಪನ್ನು ಭೂಮಿಯ ಮೇಲೂ ಹಾಕಬಹುದು ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ!

ಸವತಿಯನ್ನು ನೋಡಲು ಬಂದದ್ದು

ಭೂಮಿ ತಿರುಗಿದ ಹಾಗೆ ಕ್ಯಾಮೆರಾವನ್ನೂ ತಿರುಗಿಸಬೇಕು ಅಂತಾಯಿತು. ಆ ಭಾರದ ಕೊಳವೆಯನ್ನು ಅಷ್ಟು ನಾಜೂಕಾಗಿ ತಿರುಗಿಸುವುದು ನಮ್ಮಿಂದಾಗುವ ಕೆಲಸವಲ್ಲ. ಮೇಷ್ಟ್ರು ಒಂದು ಚೀಟಿಯ ಮೇಲೆ ಬೇರೆ ಚಿತ್ರ ಬರೆದರು: ಎರಡು ಹಲಗೆ, ನಡುವೆ ಬಾಗಿಲಿನ ಕೀಲು, ಒಂದು ಉದ್ದನೆಯ ಸ್ಕ್ರೂ. ಕೀಲನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿ ಇಟ್ಟು, ಮೇಲಿನ ಹಲಗೆಯ ಮೇಲೆ ಕ್ಯಾಮೆರಾ ಕೂರಿಸಿ, ನಿಮಿಷಕ್ಕೊಂದು ಸುತ್ತು ಸ್ಕ್ರೂ ತಿರುಗಿಸಿದರೆ ಆಯಿತು. ಭಾಯಿ ಅರ್ಧ ಗಂಟೆಯಲ್ಲಿ ಮಾಡಿ ಕೈಗಿಟ್ಟರು. ನಾನು ಮದುವೆಗೆ ಬಳಸುವ ಉದ್ದನೆ ಲೆನ್ಸು ಹಾಕಿದೆ.

ಅವತ್ತು ಊರಂಚಿನ ಬಯಲಿಗೆ ನನ್ನ ಹೆಂಡತಿಯೂ ಬಂದಿದ್ದಳು. ವಾರದಿಂದ ನಾನು ಸ್ವೆಟರ್ ಹಾಕಿಕೊಂಡು "ದೇವಯಾನಿ ಏಳೂವರೆಗೆ ಬರ್ತಾಳೆ" ಅಂತ ಹೊರಡುತ್ತಿದ್ದುದನ್ನು ನೋಡಿ, ಇವಳು ಯಾರು ಅಂತ ತೀರ್ಮಾನ ಮಾಡಿಯೇ ಬಿಡೋಣ ಅಂತ. ಮೇಷ್ಟ್ರು ಕೊಳವೆಗೆ ಕಣ್ಣಿಡಿಸಿದರು. ಸುಮಾರು ಹೊತ್ತು ನೋಡಿದಳು.

"ಆರಿದ ಊದುಬತ್ತಿ ಹೊಗೆ ಇದ್ದಂಗಿದಾಳೆ. ಇವಳಿಗಾ ನೀವು ತಲೆ ಬಾಚ್ಕೊಂಡು ಬರೋದು?"

ಆಮೇಲೆ ಗಡಿಯಾರ ಹಿಡಿದು ನಿಮಿಷ ಎಣಿಸಿದವಳೂ ಅವಳೇ. ಅವಳು "ಹೂಂ" ಅಂದಾಗ ನಾನು ಸ್ಕ್ರೂ ತಿರುಗಿಸಬೇಕು. ಪ್ರಿಂಟು ಬಂದಾಗ ನಕ್ಷತ್ರಗಳು ಗುಂಡುಪಿನ್ನಿನ ತಲೆಯಷ್ಟು ಚೊಕ್ಕ. ಗ್ಯಾಲಕ್ಸಿ ಮಾತ್ರ ಇದ್ದೂ ಇಲ್ಲದ ಹಾಗೆ. ಪೇಟೆಯ ಬೆಳಕು ನುಂಗಿಹಾಕಿತ್ತು. ಆದರೂ ಮೇಷ್ಟ್ರು ತೀರ್ಪು ಕೊಟ್ಟರು: "ಕಣ್ಣಿಗೆ ಕೊಳವೆ, ಫೋಟೋಕ್ಕೆ ಹಲಗೆ."

ಭಾಯಿ ಮುಖ ಸಣ್ಣಗಾಯಿತು. "ಸಾರ್, ಯಾರಾದ್ರೂ ಕೇಳಿದ್ರೆ ಹಲಗೆ ಆರು ವಾರ ಹಿಡೀತು ಅಂತ ಹೇಳಿ."

ಥ್ಯಾಂಕ್ಸ್

ಕತ್ತಲು ಹುಡುಕಿಕೊಂಡು ಕಟ್ಟೆಮಳಲವಾಡಿಯ ಒಂದು ಹೊಲಕ್ಕೆ ಹೋದೆವು. ಹೊಲದ ಯಜಮಾನರು ಧ್ರುವ ನಕ್ಷತ್ರಕ್ಕೆ ಅಡ್ಡ ಬರುತ್ತಿದ್ದ ತೆಂಗಿನ ಗರಿ ಎರಡನ್ನು ತಾವೇ ಕಡಿಸಿಕೊಟ್ಟರು. "ದೇವ್ರ ಕೆಲ್ಸಕ್ಕೆ ಗರಿ ಕಡಿಯಾಕಿಲ್ವಾ, ಅಂಗೇ ಅನ್ಕೊಳಿ ಬುಡಿ" ಅಂದರು. ಎಲ್ಲ ಸರಿಹೋಯಿತು, ಬೀದಿದೀಪ ಮಾತ್ರ ಕಣ್ಣಿಗೇ ಹೊಡೆಯುತ್ತಿತ್ತು. ಆ ದಾರಿಯಲ್ಲಿ ಲೈನ್‌ಮನ್ ಸೈಕಲ್ಲಿನಲ್ಲಿ ಬಂದ.

ಮೇಷ್ಟ್ರು ವಿನಯವಾಗಿ ಕೇಳಿದರು: "ಕರೆಂಟು ಎಷ್ಟೊತ್ತಿಗೆ ಹೋಗುತ್ತಪ್ಪ?"

ಅವನು ಬೈಗುಳ ಬಂತು ಅಂತ ಸೈಕಲ್ ನಿಲ್ಲಿಸದೆ ಕೂಗಿದ: "ಹೋಗಾಕಿಲ್ಲ ಸಾ! ಇವತ್ತು ಹೋಗಾಕೇ ಇಲ್ಲ!"

"ಅಯ್ಯೋ," ಅಂದರು ಮೇಷ್ಟ್ರು. ಆ ದನಿಯಲ್ಲಿನ ಸಂಕಟ ಕೇಳಿ ಅವನು ಸೈಕಲ್ ನಿಲ್ಲಿಸಿದ.

ದೇವಯಾನಿಯ ಪುಣ್ಯವೋ ಏನೋ, ಅರ್ಧ ಗಂಟೆಗೆಲ್ಲ ತಾನಾಗಿಯೇ ಊರೆಲ್ಲ ಗವ್ವೆಂದಿತು. ಊರಿನವರು ಶಾಪ ಹಾಕುತ್ತಿರುವಾಗ ನಾವಿಬ್ಬರು ಹೊಲದಲ್ಲಿ ಕುಣಿಯುತ್ತಿದ್ದೆವು. ಮೋಡ ಬಂದು ಫೋಟೋ ಆಗಲಿಲ್ಲ, ಅದು ಬೇರೆ. ಮೇಷ್ಟ್ರು ಮಾತ್ರ ವಾಪಸ್ ಹೋಗುವಾಗ ಲೈನ್‌ಮನ್‌ನನ್ನು ಹುಡುಕಿ ಥ್ಯಾಂಕ್ಸ್ ಹೇಳಿದರು.

ಕಂಬದ ಮೇಲಿದ್ದವನು ಕೆಳಗೆ ಬಗ್ಗಿ ನೋಡಿದ. "ಸಾ, ಇಪ್ಪತ್ತು ವರ್ಸ ಆಯ್ತು ಸರ್ವೀಸಿಗೆ. ಕರೆಂಟು ಹೋಗಿದ್ದಕ್ಕೆ ಥ್ಯಾಂಕ್ಸ್ ಯೋಳಿದೋರು ನೀವೇ ಕಣ್ರೀ. ಸ್ವಲ್ಪ ಇರಿ, ಹಾಕೋದು ನಿಧಾನ ಮಾಡ್ತೀನಿ."

ಬೋರ್ಡಿನಲ್ಲಿ ಇಲ್ಲದ್ದು

ಕೊನೆಗೆ ಎಚ್.ಡಿ. ಕೋಟೆ ದಾಟಿ ಬೀಚನಹಳ್ಳಿಗೆ ಹೋದೆವು. ಅಲ್ಲಿನ ಅಣೆಕಟ್ಟಿನಿಂದ ಸ್ವಲ್ಪ ದೂರ, ರಸ್ತೆ ಬದಿಯ ಬಯಲು. ಅಂಥ ಆಕಾಶ ನಾನು ನೋಡಿರಲಿಲ್ಲ. ದೇವಯಾನಿ ಬರಿಗಣ್ಣಿಗೇ ಮಸುಕಾಗಿ ಕಾಣುತ್ತಿದ್ದಳು. ಖುಷಿಯಲ್ಲಿ ಕ್ಯಾಮೆರಾ ಎತ್ತಿಕೊಂಡೆ. ಮದುವೆಯ ಅಭ್ಯಾಸ ನೋಡಿ, "ರೆಡೀ..." ಅಂದೆ, ಬಟನ್ ಒತ್ತಿದೆ. ಫ್ಲಾಶ್ ಹೊಡೆದೇ ಬಿಟ್ಟಿತು.

ಕತ್ತಲಿಗೆ ಒಗ್ಗಿದ್ದ ಕಣ್ಣುಗಳನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಮೇಷ್ಟ್ರು ಕೂತುಬಿಟ್ಟರು. ನಾನು ಕ್ಷಮೆ ಕೇಳಿದೆ. ಅವರೋ ನಗುತ್ತಾ ಅಂದರು, "ಇರಲಿ ಬಿಡಿ. ಆ ಬೆಳಕು ಅವಳಿಗೆ ಮುಟ್ಟೋಕೆ ಇಪ್ಪತ್ತೈದು ಲಕ್ಷ ವರ್ಷ ಬೇಕು. ಅಷ್ಟರಲ್ಲಿ ನಾವು ಮನೆ ಸೇರಿರ್ತೀವಿ."

ಬೆಳಕು ಕಂಡು ಡ್ಯಾಮಿನ ಕಾವಲುಗಾರ ಓಡಿ ಬಂದ. "ಏನ್ರೀ, ಫೋಟೋ ತೆಗೆಯಂಗಿಲ್ಲ ಅಂತ ಬೋರ್ಡ್ ಐತಲ್ಲ, ಕಾಣಾಕಿಲ್ವಾ?"

"ಡ್ಯಾಮಿಂದಲ್ಲಪ್ಪ, ಆಕಾಶದ್ದು."

ಅವನು ಒಮ್ಮೆ ಬೋರ್ಡಿನ ಕಡೆ, ಒಮ್ಮೆ ಮೇಲೆ ನೋಡಿದ. "ಆಕಾಸ ಅಂತ ಬರ್ದಿಲ್ಲ. ತಕ್ಕೊಳಿ." ಹೋಗಿ ತನ್ನ ಗುಡಿಸಲಿನ ಬಲ್ಬು ಆರಿಸಿ ಬಂದು, ಹಲಗೆಯ ಮೇಲೆ ಕ್ಯಾಮೆರಾ ಕೂರಿಸಿ ನಾವು ರೋಲು ಮುಗಿಸುವವರೆಗೆ ಮೂರು ಗಂಟೆ ಜೊತೆಯಲ್ಲೇ ಕೂತ. ಹೊರಡುವಾಗ ಮೆಲ್ಲಗೆ ಹೇಳಿದ: "ಪ್ರಿಂಟ್ ಬಂದ್ಮೇಲೆ ನನಗೂ ಒಂದು ಕೊಡಿ ಸಾ. ಬೋರ್ಡ್ ಪಕ್ಕ ಹಾಕ್ತೀನಿ."

ನೀಟಾಗಿ ಮಾಡಿ

ಆ ರೋಲಿನಲ್ಲಿ ಒಂದಾದರೂ ಬಂದಿರಲೇಬೇಕಿತ್ತು. ಮೇಷ್ಟ್ರ ನಿವೃತ್ತಿ ಹತ್ತಿರ ಬಂದಿತ್ತು, ಆಕಾಶದಲ್ಲಿ ದೇವಯಾನಿಯೂ ಪಡುವಣಕ್ಕೆ ಇಳಿಯುತ್ತಿದ್ದಳು. ಮೈಸೂರಿನ ಲ್ಯಾಬಿಗೆ ರೋಲು ಕಳಿಸುವಾಗ ಅದರಲ್ಲಿ ಏನಿದೆ ಅಂತ ಬರೆಯುವುದನ್ನು ಮರೆತು, "ಬಹಳ ಮುಖ್ಯವಾದ ಪ್ರಿಂಟು. ನೀಟಾಗಿ ಮಾಡಿ" ಅಂತಷ್ಟೇ ಚೀಟಿ ಇಟ್ಟೆ. ತಪ್ಪು ನನ್ನದೇ.

ಲ್ಯಾಬಿನಲ್ಲಿ ಒಬ್ಬರು ವಯಸ್ಸಾದ ರೀಟಚಿಂಗ್ ಕಲಾವಿದರಿದ್ದರು. ಮದುಮಗಳ ಮೊಡವೆ, ಪ್ರಿಂಟಿನ ಮೇಲಿನ ಧೂಳಿನ ಚುಕ್ಕೆ, ಯಾವುದನ್ನಾದರೂ ಕೂದಲೆಳೆಯ ಬ್ರಷ್ಷಿನಲ್ಲಿ ಮಾಯ ಮಾಡುವವರು. ನಾವು ಹೋದಾಗ ಕೆಂಪೇರಿದ ಕಣ್ಣು ಒರೆಸಿಕೊಳ್ಳುತ್ತಾ ಎದ್ದು ಬಂದರು.

"ತುಂಬಾ ಧೂಳು ಬಿದ್ದಿತ್ತು ಸಾರ್ ನಿಮ್ಮ ಫಿಲ್ಮಿಗೆ. ಹುಡುಗರು ಎಸೀತೀವಿ ಅಂದ್ರು, ನಾನು ಬಿಡಲಿಲ್ಲ. ಎರಡು ದಿನ ಕೂತು ಪ್ರಿಂಟಿನ ಮೇಲೆ ಒಂದೊಂದೇ ಚುಕ್ಕೆ ಅಳಿಸಿದ್ದೀನಿ."

ದೊಡ್ಡ ಪ್ರಿಂಟನ್ನು ಮೇಜಿನ ಮೇಲೆ ಹರಡಿದರು. ನುಣುಪಾದ ಕಪ್ಪು. ಒಂದು ನಕ್ಷತ್ರ ಇಲ್ಲ. ಮೇಷ್ಟ್ರ ಮುಖ ನೋಡುವ ಧೈರ್ಯ ಆಗಲಿಲ್ಲ.

"ಆದ್ರೆ ಬೈಕೋಬೇಡಿ," ಅಂದರು ಕಲಾವಿದರು ಸಂಕೋಚದಿಂದ. "ನಡುವೆ ಇದೊಂದು ಕಲೆ ಮಾತ್ರ ಏನು ಮಾಡಿದ್ರೂ ಹೋಗಲಿಲ್ಲ. ನೆಗೆಟಿವ್‌ನಲ್ಲೇ ಇದೆ."

ಮೇಷ್ಟ್ರು ಬಗ್ಗಿದರು. ಆ ಕಪ್ಪಿನ ನಟ್ಟನಡುವೆ ಓರೆಯಾಗಿ ಮಲಗಿದ, ಅಂಚು ಕರಗಿದ ಒಂದು ಮೊಟ್ಟೆ. ಒಳಗೆ ಬೆಳ್ಳಗಿನ ತಿರುಳು. ದೇವಯಾನಿ! ಒಬ್ಬಳೇ, ಹಿಂದೆ ಮುಂದೆ ಯಾರೂ ಇಲ್ಲದೆ, ನನ್ನ ಸ್ಟುಡಿಯೋದ ಪರದೆ ಮುಂದೆ ಕೂತ ಹಾಗೆ. ನೆಗೆಟಿವ್ ಹೇಗೂ ಭದ್ರವಾಗಿತ್ತು, ನಕ್ಷತ್ರಗಳ ಸಮೇತ ಎಷ್ಟು ಪ್ರಿಂಟು ಬೇಕಾದರೂ ಹಾಕಿಸಬಹುದಿತ್ತು. ಆದರೆ ಆ ಹೊತ್ತಿಗೆ ಮೇಷ್ಟ್ರಿಗೆ ಅದ್ಯಾವುದೂ ಬೇಕಿರಲಿಲ್ಲ. ಕಲಾವಿದರ ಎರಡೂ ಕೈ ಹಿಡಿದುಕೊಂಡು, "ನಿಮ್ಮಿಂದ ಬಹಳ ಉಪಕಾರ ಆಯ್ತು. ಬಹಳ ಉಪಕಾರ ಆಯ್ತು" ಅಂತ ಅದನ್ನೇ ಹೇಳುತ್ತಾ ನಿಂತರು. ಕಣ್ಣಲ್ಲಿ ಧಾರಾಕಾರ ನೀರು.

ಆ ಹಿರಿಯರಿಗೆ ಗಾಬರಿ. ಕೈ ಬಿಡಿಸಿಕೊಳ್ಳಲೂ ಆಗದೆ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು:

"ಒಂದು ಕಲೆ ಬಿಟ್ಟಿದ್ದಕ್ಕೇ ಇಷ್ಟು ಸಂತೋಷ ಪಡ್ತಾರೆ ಅಂತ ಮೊದಲೇ ಹೇಳಬಾರದಿತ್ತಾ? ಬ್ರಷ್ಷೇ ಮುಟ್ಟುತ್ತಿರಲಿಲ್ಲವಲ್ಲ ನಾನು!"