'ಸಲ್ಲತಕ್ಕದ್ದು' ಮಾಡಿದ ಕೆಲಸ

ಮಕ್ಕಳೇ, ಮಧುಗಿರಿಯಲ್ಲಿ ಬರವಣಿಗೆ ಬಲ್ಲ ಹೆಂಗಸೆಂದರೆ ನಾನೊಬ್ಬಳೇ ಎಂದು ಆಗ ನನಗೆ ಖಾತ್ರಿಯಾಗಿತ್ತು. ಕೂಲಿಮಠದಲ್ಲಿ ಮೂರು ವರ್ಷ ಮರಳ ಮೇಲೆ ಅಕ್ಷರ ತಿದ್ದಿದವಳು! ನಿಮ್ಮ ತಾತ ತೀರಿಕೊಂಡ ಮೇಲೆ ನನಗುಳಿದದ್ದು ಸೋರುವ ಮಾಳಿಗೆ, ಐದು ವರ್ಷದ ನಿಮ್ಮಪ್ಪ, ಹಾಲು ಕೊಡುವ ಒಂದು ಎಮ್ಮೆ.

ಮಾಳಿಗೆಗೆ ಗಾರೆ ಹಾಕಲು ತಿಮ್ಮಯ್ಯ ಮೇಸ್ತ್ರಿ ಬಂದ. ನಾನು ಪರಗಂಡಸರೆದುರು ನಿಲ್ಲುವವಳಲ್ಲ. ಕದದ ಹಿಂದಿನಿಂದಲೇ ಆಡಳಿತ ನಡೆಸಿದೆ. ಕೆಲಸ ಮುಗಿದ ದಿನ ಪಕ್ಕದ ಮನೆಯ ಪುಟ್ಟಕ್ಕ ಎಚ್ಚರಿಸಿದಳು:

"ಅಂಗೇ ದುಡ್ಡು ಕೊಟ್ಬುಟ್ಟೀಯ ಕಣಮ್ಮ! ಚೀಟಿ ಬರುಸ್ಕೋ. ನಮ್ಮತ್ರ ಈವಯ್ಯ ಒಂದೇ ಕೆಲ್ಸಕ್ಕೆ ಎಲ್ಡು ಸಲ ಕಿತ್ಕಂಡವ್ನೆ."

ಬರೆಸಿಕೊಳ್ಳುವುದೇನು, ನಾನೇ ಬರೆದೆ! 'ಕೊಟ್ಟೆ' ಎಂಬ ಮಾತು ಬಡಕಲಾಗಿ ಕಂಡಿತು. ಸರ್ಕಾರಿ ಕಾಗದದ ಗಂಭೀರ ಪದವೊಂದು ನೆನಪಾಯಿತು. 'ಮಾಳಿಗೆ ಕೆಲಸದ ಬಾಬ್ತು ಮೇಸ್ತ್ರಿ ತಿಮ್ಮಯ್ಯನಿಗೆ ನಲವತ್ತು ರೂಪಾಯಿ ನನ್ನಿಂದ ಸಲ್ಲತಕ್ಕದ್ದು.' ಆಹಾ! ಕೆಳಗೆ ನನ್ನ ರುಜು, ಅವನ ಹೆಬ್ಬೆಟ್ಟು. ನ್ಯಾಯವಾಗಿರಲೆಂದು ಅವನಿಗೂ ಒಂದು ಪ್ರತಿ! ಕದದ ಸಂದಿಯಿಂದ ದುಡ್ಡನ್ನೂ ಚೀಟಿಯನ್ನೂ ಒಟ್ಟಿಗೇ ಕೊಟ್ಟೆ. ನೋಡಿದ್ದು ಎಮ್ಮೆಯೊಂದೇ.

ತಿಂಗಳಾದ ಮೇಲೆ ಮೇಸ್ತ್ರಿ ಮತ್ತೆ ಬಂದ, ಜೊತೆಗೆ ಶಾನುಭೋಗರು.

"ಅಮ್ಮಾರೇ, ನನ್ ದುಡ್ಡು?"

"ಕೊಟ್ಟಾಯ್ತಲ್ಲಯ್ಯ! ಚೀಟಿ ಐತೆ!" ಕದದ ಹಿಂದಿನಿಂದ ಗರ್ಜಿಸಿದೆ.

"ಅದ್ನೇ ತಂದಿವ್ನಿ."

ನನ್ನ ಪ್ರತಿಯನ್ನೂ ಕದದ ಸಂದಿಯಿಂದ ಚಾಚಿದೆ. ಶಾನುಭೋಗರು ಎರಡೂ ಪ್ರತಿ ಓದಿ ಕೆಮ್ಮಿದರು. "ಏನಮ್ಮಾ, ಸಲ್ಲತಕ್ಕದ್ದು ಅಂದ್ರೆ ಇನ್ನು ಮುಂದೆ ಕೊಡಬೇಕಾದ್ದು. ಕೊಟ್ಟಿದ್ರೆ 'ಸಂದಿದೆ' ಅಂತ ಬರೀಬೇಕಿತ್ತು. ಇದು ರಸೀದಿಯಲ್ಲ, ಸಾಲಪತ್ರ!"

"ನಾನು ಹೆಬ್ಬೆಟ್ಟಿನೋನು ಬುದ್ಧೀ. ಓದ್ದೋರು ಸುಳ್ಳು ಬರೀತಾರಾ?" ಎಂದ ಆ ಪುಣ್ಯಾತ್ಮ. ನನ್ನ ದುಡ್ಡಿನ ಎಲೆಯಡಿಕೆ ಅವನ ಬಾಯಲ್ಲಿ ಇನ್ನೂ ಕೆಂಪಗಿತ್ತು!

ಶಾನುಭೋಗರಿಗೂ ಅನುಮಾನ ಬಂದಿರಬೇಕು. "ಹೊರಗೆ ಬಂದು, ಇವನ ಮುಖ ನೋಡಿ, ಕೊಟ್ಟೆ ಅಂತ ಹೇಳಿಬಿಡಮ್ಮ. ನಂಬ್ತೀನಿ" ಎಂದರು.

ಒಂದೇ ಹೆಜ್ಜೆ! ಕೈ ಅಗುಳಿಗೆ ಹೋಯಿತು, ಕಾಲು ಏಳಲಿಲ್ಲ. ಥೂ, ನನ್ನ ಮಾನಮರ್ಯಾದೆಯೇ! ಹೊರಗೆ ಬಂದು 'ಕೊಟ್ಟೆ' ಎನ್ನಲಾರದವಳು ಒಳಗೆ ಕೂತು 'ಸಲ್ಲತಕ್ಕದ್ದು' ಎಂದು ಬರೆದಿದ್ದೆ!

ಕೊನೆಗೆ ನಲವತ್ತು ರೂಪಾಯಿಗೆ ಬದಲಾಗಿ ಆ ಕದದಿಂದ ಹೊರಗೆ ಹೋದದ್ದು ಎಮ್ಮೆ. ಮೇಸ್ತ್ರಿ ಹಗ್ಗ ಹಿಡಿದು ನಡೆದ. ಮೊದಲ ಮಳೆಗೇ ಮಾಳಿಗೆಯೂ ಸೋರಿತು.

ನಿಮ್ಮಪ್ಪ ಕುಳ್ಳಗಿರುವುದು ವಂಶದ ಗುಣ ಎಂದು ನೀವೆಲ್ಲ ನಗುತ್ತೀರಿ. ಅಲ್ಲ ಮಕ್ಕಳೇ. ಹಾಲು ಕುಡಿದು ಬೆಳೆಯುವ ವಯಸ್ಸಿನಲ್ಲಿ ಅವನಿಗೆ ದಕ್ಕಿದ್ದು ನನ್ನ ವ್ಯಾಕರಣ!